ನಿಮಗಿದು ಗೊತ್ತೆ? ಚರ್ಮದೊಳಗೇ ಇದೆ ಛತ್ರಿ!

ಮೈ ಕಪ್ಪಿರಲಿ, ಬಿಳುಪಿರಲಿ, ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳ ಸಂಖ್ಯೆ ಎಲ್ಲರಲ್ಲೂ ಹೆಚ್ಚುಕಡಿಮೆ ಒಂದೇ! ವ್ಯತ್ಯಾಸವೇನಿದ್ದರೂ ಅವು ತಯಾರಿಸುವ ಮೆಲನಿನ್ ಕಣಗಳ ಗಾತ್ರ, ಪ್ರಮಾಣದಲ್ಲಿ. ಈ ಕಣಗಳು ಚರ್ಮದ ಜೀವಕೋಶದ ನಡುವಿನ ಡಿಎನ್‌ಎ ಮೇಲೆ ಪುಟ್ಟ ಛತ್ರಿಯಂತೆ ಕವಿದು, ನೇರಳಾತೀತ ಕಿರಣಗಳನ್ನು ಹೀರಿಕೊಳ್ಳುತ್ತವೆ. ಕಾನಹೊಸಹಳ್ಳಿ ಸುತ್ತ ಬಿರುಬಿಸಿಲಲ್ಲಿ ಶೇಂಗಾ ಕೀಳುವವರ ಕಪ್ಪು ಮೈ ಬೇಗ ಸುಡದಿರುವುದು ಇದರಿಂದಲೇ.

ಆದರೆ ಛತ್ರಿ ಪುಕ್ಕಟೆಯಲ್ಲ. ಬಿಳಿ ಚರ್ಮದಷ್ಟೇ ವಿಟಮಿನ್ ಡಿ ತಯಾರಿಸಲು ಕಪ್ಪು ಚರ್ಮಕ್ಕೆ ಹೆಚ್ಚು ಹೊತ್ತಿನ ಬಿಸಿಲು ಬೇಕು. ಹೊಲದವರಿಗೆ ಬಿಸಿಲಿಗೇನು ಬರ? ಅಂಗಡಿ, ಕಚೇರಿಯೊಳಗೇ ದಿನ ಕಳೆಯುವವರದೇ ಫಜೀತಿ. ಬಸ್ಸಿನ ಮುಚ್ಚಿದ ಕಿಟಕಿಯಿಂದ ಬೀಳುವ ಬಿಸಿಲೂ ಲೆಕ್ಕಕ್ಕಿಲ್ಲ. ವಿಟಮಿನ್ ಡಿಗೆ ಬೇಕಾದ ಕಿರಣಗಳನ್ನು ಗಾಜೇ ನುಂಗಿಬಿಡುತ್ತದೆ.