ಅಲಾಯಿ ಕುಣಿತದ ಹೆಜ್ಜೆ ಮತ್ತು ಕ್ಯಾಮೆರಾದ ಕೋನ

ಬೀದರ ತಾಲೂಕಿನ ಕಮಠಾಣ ಹಾಗೂ ಭಾಲ್ಕಿ, ಔರಾದ ಪರಿಸರದಲ್ಲಿ, ಉತ್ತರ ಕರ್ನಾಟಕದ ಇತರೆಡೆಗಳಂತೆಯೇ, ಮೊಹರಂ ಹಿಂದೂ-ಮುಸ್ಲಿಮರಿಬ್ಬರೂ ಪಾಲ್ಗೊಳ್ಳುವ ಆಚರಣೆಯಾಗಿದೆ. ಅಲಾಯಿ ಕುಣಿಯ ಸುತ್ತ ಹಲಗೆಯ ಬಡಿತಕ್ಕೆ ಹಾಕುವ ಹೆಜ್ಜೆ ವರ್ತುಲಾಕಾರದ್ದು. (ಕುಣಿ ಎಂಬ ಒಂದೇ ಪದ ಇಲ್ಲಿ ಗುಂಡಿಗೂ ನರ್ತನಕ್ಕೂ ಸಲ್ಲುವುದು ಸ್ವಾರಸ್ಯಕರ.) ರಂಗಸ್ಥಳದ ನೃತ್ಯಕ್ಕಿರುವಂತೆ ಇದಕ್ಕೆ ಮುಂಭಾಗ, ಹಿಂಭಾಗಗಳಿಲ್ಲ, ನೋಡುವವರು ಸುತ್ತಲೂ ನಿಂತಿರುತ್ತಾರೆ. ದಾಖಲೀಕರಣದ ಕ್ಯಾಮೆರಾ ಮಾತ್ರ ಸಾಮಾನ್ಯವಾಗಿ ಒಂದೇ ಕಡೆ ನಿಂತಿರುತ್ತದೆ. ಕುಣಿಯುವವನು ಒಂದು ಸುತ್ತು ಮುಗಿಸುವಷ್ಟರಲ್ಲಿ ಅದಕ್ಕೆ ಎದುರಾಗಿ, ಪಕ್ಕವಾಗಿ, ಬೆನ್ನಾಗಿ ಕಾಣುತ್ತಾನೆ. ಸಂಗಡಿಗರ ಮರೆಯಲ್ಲಿ ಕೆಲಹೊತ್ತು ಕಾಣದೆಯೂ ಹೋಗುತ್ತಾನೆ. ಆದರೂ ಅವನು ಹಾಕುತ್ತಿರುವುದು ಅದೇ ಹೆಜ್ಜೆಯೆಂದು ನೋಡುವ ಮಗುವಿಗೂ ತಿಳಿಯುತ್ತದೆ. ಗಣಕಯಂತ್ರಕ್ಕೆ ಅದನ್ನು ತಿಳಿಸುವುದು ಹೇಗೆ ಎಂಬುದು ಯಂತ್ರದೃಷ್ಟಿ ಶಾಸ್ತ್ರದ ಮುಖ್ಯ ಸಮಸ್ಯೆಗಳಲ್ಲೊಂದು. ಕುಣಿತದ ದೃಶ್ಯಮುದ್ರಣಗಳಲ್ಲಿ ಒಂದೂರಿನ ಹೆಜ್ಜೆಯನ್ನು ಮತ್ತೊಂದೂರಿನ ಹೆಜ್ಜೆಯೊಡನೆ ಹೋಲಿಸಬಯಸುವ ಜಾನಪದ ಅಧ್ಯಯನಕ್ಕೂ ಈ ಸಮಸ್ಯೆ ಹೊರಗಿನದಲ್ಲ.

ಮನುಷ್ಯನ ಕಣ್ಣು ಚಲನೆಯನ್ನು ಎಷ್ಟು ಕಡಿಮೆ ಮಾಹಿತಿಯಿಂದ ಗ್ರಹಿಸುತ್ತದೆಂಬುದನ್ನು ಸ್ವೀಡನ್ನಿನ ಉಪ್ಸಾಲ ವಿಶ್ವವಿದ್ಯಾಲಯದ ಗುನ್ನಾರ್ ಯೋಹಾನ್ಸನ್ 1973ರಲ್ಲಿ ತೋರಿಸಿದರು. ಕತ್ತಲಲ್ಲಿ ವ್ಯಕ್ತಿಯ ಕೀಲುಗಳ ಮೇಲಿನ ಬೆಳಕಿನ ಚುಕ್ಕೆಗಳಷ್ಟೇ ಕಾಣುವಂತೆ ಚಿತ್ರೀಕರಿಸಿದಾಗ, ನಿಂತ ಚುಕ್ಕೆಗಳು ಏನೂ ಹೇಳಲಿಲ್ಲ. ಅವು ಚಲಿಸಿದೊಡನೆ ನಡೆಯುವ ಮನುಷ್ಯ ಕಂಡನು. ಗಣಕಯಂತ್ರಕ್ಕೆ ಈ ಸಹಜ ಜ್ಞಾನವಿಲ್ಲ. ಅದಕ್ಕೆ ಸಿಗುವುದು ಬಣ್ಣದ ಬಿಂದುಗಳ ಚಪ್ಪಟೆ ಹಾಳೆ ಮಾತ್ರ. ಪಕ್ಕದಿಂದ ನೋಡಿದಾಗ ಉದ್ದವಾಗಿ ಚಾಚುವ ಕಾಲು ಎದುರಿನಿಂದ ಗಿಡ್ಡವಾಗಿ ಕಾಣುತ್ತದೆ; ಯಂತ್ರ ಅವೆರಡನ್ನೂ ಬೇರೆ ಬೇರೆ ಕ್ರಿಯೆಗಳೆಂದೇ ಬಗೆಯುತ್ತದೆ.

ಇದಕ್ಕೆ ಕಂಡುಕೊಂಡ ಪರಿಹಾರಗಳು ಹಲವು. ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಇನ್ರಿಯಾ ಸಂಸ್ಥೆಯ ಡೇನಿಯಲ್ ವೈನ್‌ಲ್ಯಾಂಡ್ ಮತ್ತು ಸಂಗಡಿಗರು 2006ರಲ್ಲಿ ಐದು ಕ್ಯಾಮೆರಾಗಳಿಂದ ಏಕಕಾಲಕ್ಕೆ ಚಿತ್ರಿಸಿದ ಆಕೃತಿಗಳನ್ನು ಕೂಡಿಸಿ, ಕ್ರಿಯೆಯ ಮೂರು ಆಯಾಮದ ಘನರೂಪವನ್ನು ಕಟ್ಟಿದರು. ಬಳಿಕ ಅದನ್ನು ದೇಹದ ನಡುವಿನ ಲಂಬರೇಖೆಯ ಸುತ್ತ ಅಳೆದು, ವ್ಯಕ್ತಿ ಯಾವ ಕಡೆ ಮುಖ ಮಾಡಿದ್ದಾನೆಂಬ ಅಂಶವನ್ನು ಗಣಿತದಿಂದ ತೆಗೆದುಹಾಕಿದರು. ಉಪಾಯ ಸೊಗಸಾದುದು. ಆದರೆ ಮೊದಲೇ ಅಳತೆ ಮಾಡಿ ಜೋಡಿಸಿದ ಐದು ಕ್ಯಾಮೆರಾ, ಹಿನ್ನೆಲೆಯಿಂದ ಸ್ಪಷ್ಟವಾಗಿ ಬೇರ್ಪಡುವ ಆಕೃತಿ, ಇವು ಪ್ರಯೋಗಶಾಲೆಯಲ್ಲಿ ಸಿಗುವಂಥವು. ಧೂಳು, ಹೊಗೆ, ಜನಸಂದಣಿಗಳ ನಡುವೆ ಅಲ್ಲ.

ಇಮ್ರಾನ್ ಜುನೇಜೊ ಮತ್ತು ಸಂಗಡಿಗರು 2008ರಲ್ಲಿ ಮಂಡಿಸಿದ ದಾರಿ ಬೇರೆ. ಒಂದು ಮುದ್ರಣದ ಪ್ರತಿಯೊಂದು ಕ್ಷಣವನ್ನೂ ಅದೇ ಮುದ್ರಣದ ಉಳಿದೆಲ್ಲ ಕ್ಷಣಗಳೊಡನೆ ಹೋಲಿಸಿದಾಗ ದೊರೆಯುವ ಹೋಲಿಕೆ-ವ್ಯತ್ಯಾಸಗಳ ವಿನ್ಯಾಸವು ಕೋನ ಬದಲಾದರೂ ಬಹುಮಟ್ಟಿಗೆ ಉಳಿಯುತ್ತದೆ ಎಂಬುದು ಅವರ ಶೋಧ. ಎಲ್ಲಿಂದ ನೋಡಿದರೂ ಮರಳುವ ಹೆಜ್ಜೆ ಮರಳಿಯೇ ಮರಳುತ್ತದೆ. ಪದದಲ್ಲಿ ಪಲ್ಲವಿ ಮರುಕಳಿಸುವ ಕ್ರಮದಿಂದ ಅದರ ಬಂಧವನ್ನು ಗುರುತಿಸುವ ಜಾನಪದ ವಿದ್ವಾಂಸರಿಗೆ ಈ ತರ್ಕ ಅಪರಿಚಿತವೆನಿಸದು. ಹಲಗೆಯ ಆವರ್ತನಕ್ಕೆ ಕಟ್ಟುಬಿದ್ದ ಕುಣಿತಕ್ಕೆ ಎಲ್ಲಕ್ಕಿಂತ ಒಗ್ಗುವ ವಿಧಾನವೂ ಬಹುಶಃ ಇದೇ.

ಈಚಿನ ಪದ್ಧತಿಗಳಲ್ಲಿ ಹಲವು ದೇಹದ ಕೀಲುಗಳನ್ನು ಗುರುತಿಸಿ ಅಸ್ಥಿಪಂಜರದಂಥ ರೇಖಾಕೃತಿಯನ್ನು ಬರೆಯುತ್ತವೆ. 2010ರ ಕಿನೆಕ್ಟ್ ಉಪಕರಣ ಇದನ್ನು ಸುಲಭಗೊಳಿಸಿತು; 2017ರ ಓಪನ್‌ಪೋಸ್ ತಂತ್ರಾಂಶ ಸಾಮಾನ್ಯ ದೃಶ್ಯಮುದ್ರಣದಲ್ಲಿಯೂ ಹಲವರ ಕೀಲುಗಳನ್ನು ಒಟ್ಟಿಗೆ ಗುರುತಿಸಬಲ್ಲದು. ಬೆನ್ನು ಮಾಡಿ ನಿಂತವರ ಎಡಬಲಗಳನ್ನು ಅದಲುಬದಲು ಮಾಡುವ ದೋಷ ಮಾತ್ರ ಇಂಥ ತಂತ್ರಾಂಶಗಳಲ್ಲಿ ಆಗಾಗ ಕಾಣುತ್ತದೆ. ವರ್ತುಲದ ಕುಣಿತದಲ್ಲಿ ಇದು ಸಣ್ಣ ದೋಷವಲ್ಲ.

ಸಿಂಗಪುರದ ನನ್ಯಾಂಗ್ ತಾಂತ್ರಿಕ ವಿಶ್ವವಿದ್ಯಾಲಯ 2016ರಲ್ಲಿ ಪ್ರಕಟಿಸಿದ ಸಂಗ್ರಹ ಇಲ್ಲಿ ವಿಶೇಷವಾಗಿ ಗಮನಾರ್ಹ. 40 ಜನರು ಮಾಡಿದ 60 ಬಗೆಯ ಕ್ರಿಯೆಗಳ 56,880 ತುಣುಕುಗಳು ಅದರಲ್ಲಿವೆ. ಪ್ರತಿ ಕ್ರಿಯೆಯನ್ನೂ ಮೂರು ಕ್ಯಾಮೆರಾಗಳು ಒಟ್ಟಿಗೆ ಸೆರೆಹಿಡಿದಿವೆ. ಸಂಗ್ರಾಹಕರದೇ ಆದ ವಿಧಾನವು ಕಲಿಯದ ಕೋನದಿಂದ ನೋಡಿದಾಗ ಶೇ. 70.27ರಷ್ಟನ್ನು ಸರಿಯಾಗಿ ಗುರುತಿಸಿತು; ಕಲಿಯದ ವ್ಯಕ್ತಿಗಳನ್ನು ನೋಡಿದಾಗ ಶೇ. 62.93 ಮಾತ್ರ. 2021ರ ಹೊತ್ತಿಗೆ ಉತ್ತಮ ವಿಧಾನಗಳು ಎರಡರಲ್ಲಿಯೂ ಶೇ. 90ನ್ನು ದಾಟಿದವು, ಆದರೆ ವ್ಯಕ್ತಿಭೇದವೇ ಕಠಿಣವಾಗಿ ಉಳಿಯಿತು. ಕೋನ ಬದಲಿಸುವ ಪರೀಕ್ಷೆಯಲ್ಲಿ ಯಂತ್ರ ಅದೇ ಜನರನ್ನು ಬೇರೆ ಕೋನದಿಂದ ಮೊದಲೇ ನೋಡಿರುತ್ತದೆಂಬುದು ಇದಕ್ಕೆ ಒಂದು ಕಾರಣ. ಅದನ್ನು ಕಳೆದರೂ ಜಾನಪದಕ್ಕೆ ಇಲ್ಲೊಂದು ಪರಿಚಿತ ಸತ್ಯವಿದೆ: ಒಂದೇ ಹೆಜ್ಜೆಯನ್ನು ಇಬ್ಬರು ಒಂದೇ ರೀತಿ ಹಾಕುವುದಿಲ್ಲ. ಯಂತ್ರಕ್ಕೆ ತೊಡಕಾಗಿ ಕಂಡುದನ್ನೇ ಈ ಶಾಸ್ತ್ರ ಪಾಠಾಂತರವೆಂದು ಕರೆದು ಅಧ್ಯಯನದ ವಸ್ತುವಾಗಿಸಿಕೊಂಡಿದೆ.

ಇದಕ್ಕಿಂತ ಗಂಭೀರವಾದ ಪ್ರಶ್ನೆ ದಿಕ್ಕಿನದು. ಮೇಲಿನ ಹಲವು ವಿಧಾನಗಳು ವ್ಯಕ್ತಿ ಎತ್ತ ತಿರುಗಿದ್ದಾನೆಂಬುದನ್ನು ಬೇಡದ ಅಂಶವೆಂದು ಅಳಿಸಿಹಾಕುತ್ತವೆ. ನೀರು ಕುಡಿಯುವ, ಚಪ್ಪಾಳೆ ತಟ್ಟುವ ಕ್ರಿಯೆಗಳಿಗೆ ಅದು ಸರಿ. ಆಚರಣೆಯ ಕುಣಿತದಲ್ಲಿ ಹಾಗಲ್ಲ. ಪ್ರದಕ್ಷಿಣೆಗೂ ಅಪ್ರದಕ್ಷಿಣೆಗೂ ಹೆಜ್ಜೆ ಒಂದೇ ಇರಬಹುದು, ಅರ್ಥ ಒಂದೇ ಅಲ್ಲ. ಮುಖ ಕುಣಿಯತ್ತಲೋ ಹೊರಗೋ, ಕೋಲಾಟದಲ್ಲಿ ಕೋಲು ತಾಗಿಸುವುದು ಎಡದವನಿಗೋ ಬಲದವನಿಗೋ ಎಂಬುದು ಅಲಂಕಾರವಲ್ಲ, ರಚನೆ. ಆದ್ದರಿಂದ ಕ್ಯಾಮೆರಾದ ಕೋನವನ್ನು ಮರೆಯುವ ಯಂತ್ರ ಕುಣಿಯ ಸ್ಥಾನವನ್ನು ಮರೆಯಬಾರದು. ಇವೆರಡೂ ಬೇರೆ ಬೇರೆ ಸಂಗತಿಗಳೆಂಬುದನ್ನು ಯಂತ್ರಜ್ಞರಿಗೆ ತಿಳಿಸಬೇಕಾದವರು ಕ್ಷೇತ್ರಕಾರ್ಯ ಮಾಡುವವರೇ.

ಖರಗಪುರದ ಭಾರತೀಯ ತಂತ್ರಜ್ಞಾನ ಸಂಸ್ಥೆಯಲ್ಲಿ ಭರತನಾಟ್ಯದ ಅಡವುಗಳನ್ನು ಕಿನೆಕ್ಟ್ ಬಳಸಿ ಗುರುತಿಸುವ ಅಧ್ಯಯನಗಳು ನಡೆದಿವೆ. ಅಡವುಗಳಿಗೆ ಹೆಸರಿದೆ, ಕ್ರಮವಿದೆ, ಅಭ್ಯಾಸಕ್ಕೆ ಎದುರು ಎಂಬುದಿದೆ. ಅಲಾಯಿ ಕುಣಿತಕ್ಕೆ ಅಂಥ ಸೌಕರ್ಯವಿಲ್ಲವಾದ್ದರಿಂದ ಮುದ್ರಣದ ಹಂತದಲ್ಲಿಯೇ ಎಚ್ಚರ ಅಗತ್ಯ. ವರ್ತುಲದ ಎದುರುಬದುರಿಗೆ ಎರಡು ಕ್ಯಾಮೆರಾ, ಮಾಳಿಗೆಯ ಮೇಲಿಂದ ಒಂದು, ಇಷ್ಟಾದರೂ ಇರುವುದು ಒಳ್ಳೆಯದು. ಮೂರನ್ನೂ ಕಾಲದಲ್ಲಿ ಹೊಂದಿಸಲು ಪ್ರತ್ಯೇಕ ಸಲಕರಣೆ ಬೇಕಿಲ್ಲ. ಮೂರರಲ್ಲಿಯೂ ಕೇಳಿಸುವ ಹಲಗೆಯ ಮೊದಲ ಪೆಟ್ಟೇ ಸಾಕು. ಕುಣಿ ಯಾವ ಕಡೆಗಿದೆ, ಉತ್ತರ ಯಾವುದು, ಆ ಹೆಜ್ಜೆಗೆ ಕುಣಿಯುವವರು ಏನೆನ್ನುತ್ತಾರೆ ಎಂಬುದನ್ನು ಟಿಪ್ಪಣಿ ಹಾಳೆಯಲ್ಲಿ ಅಂದೇ ಬರೆದಿಡತಕ್ಕದ್ದು.