ನಿಮಗಿದು ಗೊತ್ತೆ? ಹೊಸ ತಿಗಣೆ ಎಂದು ಹೇಳುವುದು ಹೇಗೆ

● ಗೇರುಮರದ ಚಿಗುರು, ಹೂಗೊಂಚಲನ್ನು ಕರಕಲಾಗಿಸುವ ‘ಟೀ ಸೊಳ್ಳೆ’ ಸೊಳ್ಳೆಯೇ ಅಲ್ಲ, ರಸ ಹೀರುವ ತಿಗಣೆ. ಬೆನ್ನ ಮೇಲೆ ಗುಂಡುಸೂಜಿಯಂಥ ಮುಳ್ಳು ನೆಟ್ಟಗೆ ನಿಂತಿರುತ್ತದೆ. 1858ರಲ್ಲಿ ಫ್ರಾನ್ಸಿನ ಕೀಟತಜ್ಞ ಸಿನ್ಯೊರೆ ಇದನ್ನು ‘ಹೆಲೊಪೆಲ್ಟಿಸ್ ಆಂಟೋನಿ’ ಎಂದು ಹೆಸರಿಸಿದರು.

● ಇಂಥ ಸಸ್ಯ ತಿಗಣೆಗಳ ಎಷ್ಟೋ ಪ್ರಭೇದಗಳು ನೋಡಲು ಒಂದೇ ಥರ. ಸಿಕ್ಕಿದ್ದು ಹೊಸದೇ ಎಂದು ತಿಳಿಯಲು ಗಂಡು ಕೀಟದ ಹೊಟ್ಟೆಯ ತುದಿಯನ್ನು ಕ್ಷಾರದ ದ್ರಾವಣದಲ್ಲಿಟ್ಟು, ಮೆದುಭಾಗ ಕರಗಿಸಿ, ಜನನಾಂಗದ ಆಕಾರವನ್ನು ಸೂಕ್ಷ್ಮದರ್ಶಕದಲ್ಲಿ ಹೋಲಿಸುತ್ತಾರೆ.

● ಹೊಸದೆಂದು ಖಚಿತವಾದರೆ ವಿವರಣೆ ಪ್ರಕಟಿಸಿ, ಒಂದು ಕೀಟವನ್ನು ‘ಹೋಲೊಟೈಪ್’ ಎಂದು ಗುರುತಿಸಬೇಕು. ಮುಂದೆ ಅನುಮಾನ ಬಂದರೆ ಆ ಮಾದರಿಯೇ ಪ್ರಮಾಣ.

● ಬೆಂಗಳೂರಿನ ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲಗಳ ಬ್ಯೂರೋ ಇಂಥ ಮಾದರಿಗಳನ್ನು ಕಾಪಿಡುತ್ತದೆ.