ಉದುರಿದ ಹಣ್ಣು ಪರದೇಶಿಗೆ

ರಸ್ತೆಗೆ ಬಾಗಿದ ಕೊಂಬೆಯ ಹಣ್ಣು ಯಾರದ್ದು? ಅಮೆರಿಕದ ಲಾಸ್ ಏಂಜಲೀಸಿನಲ್ಲಿ ಡೇವಿಡ್ ಬರ್ನ್ಸ್, ಮತಿಯಾಸ್ ವೀಗನರ್, ಆಸ್ಟಿನ್ ಯಂಗ್ ಎಂಬ ಮೂವರು ಕಲಾವಿದರು 2004ರಲ್ಲಿ ಇದನ್ನೇ ಕೇಳಿಕೊಂಡು, ಸಿಲ್ವರ್ ಲೇಕ್ ಬಡಾವಣೆಯಲ್ಲಿ ಬೇಲಿಯಾಚೆ ಚಾಚಿದ ಹಣ್ಣಿನ ಮರಗಳ ನಕ್ಷೆ ಬರೆದರು. ತಮ್ಮ ಗುಂಪಿಗೆ 'ಫಾಲನ್ ಫ್ರೂಟ್', ಅಂದರೆ ಉದುರಿದ ಹಣ್ಣು, ಎಂದು ಹೆಸರಿಟ್ಟರು. ತೋಟದಲ್ಲಿ ಉದುರಿದ್ದನ್ನು ಬಡವರಿಗೂ ಪರದೇಶಿಗೂ ಬಿಡಬೇಕೆಂಬ ಮಾತು ಬೈಬಲ್ಲಿನಲ್ಲಿದೆ. ಪರದೇಶಿ ಎಂದರೆ ಯಾರೆಂದು ನಮಗೆ ಬಿಡಿಸಿ ಹೇಳಬೇಕೆ!

ಅವರ ಜಾಮ್ ಕೂಟ ನನಗೆ ಇನ್ನೂ ಇಷ್ಟ. ಮನೆಯದೋ ಬೀದಿಯದೋ ಹಣ್ಣು ತಂದು, ಗುರುತಿಲ್ಲದವರ ಜೊತೆ ಒಂದೇ ಮೇಜಿಗೆ ಕೂರಬೇಕು. ಅಳತೆಯ ಪಟ್ಟಿ ಇಲ್ಲ. ನಿಮ್ಮಲ್ಲಿ ನಿಂಬೆ, ಪಕ್ಕದವರಲ್ಲಿ ಅಂಜೂರ ಇದ್ದರೆ ಇಬ್ಬರೂ ಮಾತಾಡಿಯೇ ಪಾತ್ರೆಗೆ ಹಾಕಬೇಕು.

ಹಾಗೆಂದು ಇಲ್ಲಿ ನಾಳೆಯೇ ಚೀಲ ಹಿಡಿದು ಹೊರಡಬೇಡಿ. ಗಲ್ಫ್ ನಗರಗಳ ರಸ್ತೆಬದಿಯ ಗಿಡಗಳಿಗೆ ಬಹಳ ಕಡೆ ಸಂಸ್ಕರಿಸಿದ ಚರಂಡಿ ನೀರು ಬಿಡುತ್ತಾರೆ. ಚೆಂದಕ್ಕೆ ಬೆಳೆಸಿದ ಕಣಗಿಲೆಯಂತೂ ಎಲೆ, ಹೂ, ಕಡ್ಡಿ ಎಲ್ಲವೂ ವಿಷ, ಕುದಿಸಿದರೂ ಹೋಗದು. ಅದರ ಒಲಿಯಾಂಡ್ರಿನ್ ನಮ್ಮ ಫಾರ್ಮಸಿಯ ಡಿಗಾಕ್ಸಿನ್ ಮಾತ್ರೆಯ ನಂಟ, ನೇರ ಹೃದಯದ ಬಡಿತಕ್ಕೇ ಕೈ ಹಾಕುತ್ತದೆ.

ಸೊಪ್ಪಿನ ಆಸೆಯಾದರೆ ಮಾರುಕಟ್ಟೆಯಲ್ಲಿ 'ಬಕ್ಲೆ' ಕೇಳಿ. ಅದು ನಮ್ಮ ಗೋಣಿಸೊಪ್ಪೇ. ಕಿಡ್ನಿಯಲ್ಲಿ ಕಲ್ಲಿದ್ದವರು ಮಾತ್ರ ದೂರವಿರಿ, ಅದರಲ್ಲಿ ಆಕ್ಸಲೇಟ್ ಹೆಚ್ಚು. ಮುಂದಿನ ಸಂಘದ ಊಟಕ್ಕೆ ಕೇಟರಿಂಗಿನವರಿಗೆ ಒಂದು ಪಲ್ಯ ಕಡಿಮೆ ಹೇಳೋಣ. ಒಂದೊಂದು ರೂಮಿನವರು ಒಂದೊಂದು ಕಟ್ಟು ಸೊಪ್ಪು ತನ್ನಿ. ಬೆಳ್ಳುಳ್ಳಿ ಹಾಕಬೇಕೋ ಬೇಡವೋ, ಅಲ್ಲೇ ಜಗಳಾಡೋಣ.